ಮೂರನೇ ಮಹಡಿಯ ದೂಧ್ ದಿದಿ

2007ರ ಫೆಬ್ರವರಿಯ ಆ ಭಾನುವಾರ ಆಕೆ ನಮ್ಮ ಮನೆಯಲ್ಲಿ ಊಟ ಮಾಡಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಮೈಸೂರಿನವಳಾದ ಆಕೆಗೆ ರೊಟ್ಟಿಯ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ.

"ಅಕ್ಕಾ, ಇದು ರೊಟ್ಟೀನಾ, ಹಂಚಿನ ಚೂರಾ?" ಎಂದು ಪ್ರತಿ ಸಲ ಕೇಳುವ ಹಾಗೆ ಅವತ್ತೂ ಕೇಳಿದಳು.

"ಸುಮ್ನ ತಿನ್ನವಾ. ಹಲ್ಲು ಗಟ್ಟಿ ಆಗ್ತಾವ," ಎಂದು ನಾನೂ ಪ್ರತಿ ಸಲ ಹೇಳುವುದನ್ನೇ ಹೇಳಿದೆ.

ಊಟವಾದ ಮೇಲೆ ಆಕೆ, ನಾನು, ಆಕೆಯ ಎರಡೂವರೆ ವರ್ಷದ ಮಗಳು ಮೂವರೂ ಆಟೋ ಹತ್ತಿ ಸದರ್ನ್ ಅವೆನ್ಯೂ ಹತ್ತಿರ ಒಬ್ಬ ಬಾಣಂತಿಯನ್ನು ನೋಡಲು ಹೋದೆವು. ಹೊತ್ತು ಮುಳುಗುವ ಮೊದಲು ಮನೆಗೆ ಬಂದೆವು. ಮೆಟ್ಟಿಲು ಹತ್ತುವಾಗ ಆಕೆ ತಿರುಗಿ, "ನಾಳೆ ಅರ್ಧ ದಿನ ರಜಾ ಹಾಕಿದ್ದೀನಿ. ಎದೇಲಿರೋ ಆ ಗಂಟು ತೋರಿಸ್ಕೊಂಡು ಬಂದುಬಿಡ್ತೀನಿ. ಇವಳನ್ನ ನೋಡ್ಕೋತೀರಲ್ಲ?" ಎಂದಳು. ನಾನು "ಆತು" ಎಂದೆ.

ಮೊದಲಿನಂತೆ ಕಳೆದ ದಿನ ಅದೇ ಕೊನೆಯದು. ಮರುದಿನ ಡಾಕ್ಟರು ಎಷ್ಟು ದಿನದಿಂದ ಇದೆ ಎಂದು ಕೇಳಿದರಂತೆ. ನಾಲ್ಕು ತಿಂಗಳು ಎಂದು ಹೇಳಲು ನಾಚಿಕೆಯಾಯಿತು ಎಂದು ಆಕೆ ನನಗೆ ಹೇಳಿದಳು. ಮುಂದಿನ ವರ್ಷ ದುರ್ಗಾಪೂಜೆಗೆ ಇನ್ನೂ ಹದಿನೈದು ದಿನ ಇರುವಾಗ ತೀರಿಕೊಂಡಳು. ಮೂವತ್ಮೂರು ವರ್ಷ.

ಹೆಸರು ಬರೆಯುವುದಿಲ್ಲ. ಮಗಳು ದೊಡ್ಡವಳಾಗುತ್ತಿದ್ದಾಳೆ. ತಾಯಿಯ ಬಗ್ಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ಅವಳಿಗೆ ಬಿಟ್ಟದ್ದು. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ನಮ್ಮ ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಅವರ ವರ್ಗಾವಣೆಯ ಜೊತೆ ಧಾರವಾಡದಿಂದ ಇಲ್ಲಿ ಕೋಲ್ಕತ್ತಕ್ಕೆ ಬಂದವಳು. ಬರೆದು ರೂಢಿಯಿಲ್ಲ. ಆದರೆ ಆಕೆಯ ಬಗ್ಗೆ ನಮ್ಮ ಬೀದಿಯಲ್ಲಿ ಒಂದು ಮಾತು ನಿಂತುಬಿಟ್ಟಿದೆ. ಅದು ಸುಳ್ಳು ಎಂದು ಒಂದು ಕಡೆಯಾದರೂ ಬರೆದಿಡಬೇಕು ಅನಿಸಿತು.

ಆಕೆ ಜಾದವ್‌ಪುರದ ನಮ್ಮ ಕಟ್ಟಡದ ಮೂರನೇ ಮಹಡಿಗೆ ಬಾಡಿಗೆಗೆ ಬಂದಾಗ ಐದು ತಿಂಗಳ ಬಸುರಿ. ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಜೊತೆಗೆ ಯಾರೂ ಇಲ್ಲ. ಮೊದಲ ವಾರ ನಾನು ಗಂಡನ ವಿಷಯ ಕೇಳಿದೆ, ಕೇಳಬಾರದಿತ್ತು.

"ಅವರು ಅಲ್ಲಿದ್ದಾರೆ, ನಾನು ಇಲ್ಲಿದ್ದೀನಿ. ಇಬ್ಬರೂ ಆರೋಗ್ಯವಾಗಿದ್ದೀವಿ ಅಕ್ಕಾ," ಎಂದಳು. ಆಮೇಲೆ ನಾನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಕೋಲ್ಕತ್ತದ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಬಂದವರನ್ನು 'ಪೇಶೆಂಟ್ ಪಾರ್ಟಿ' ಎಂದು ಕೂಗುತ್ತಾರೆ. ಹೆರಿಗೆಗೆ ನರ್ಸಿಂಗ್ ಹೋಮಿಗೆ ಹೋದಾಗ ಒಬ್ಬ ಸಿಸ್ಟರ್ ಬಾಗಿಲಿಗೆ ಬಂದು ಆಕೆಯ ಹೆಸರು ಹೇಳಿ, ಪೇಶೆಂಟ್ ಪಾರ್ಟಿ ಯಾರು ಎಂದು ಕೂಗಿದಳು. ಬೇರೆಯವರಿಗೆಲ್ಲ ಆರು ಜನ, ಎಂಟು ಜನ ಪಾರ್ಟಿ. ನಾನೊಬ್ಬಳೇ ಎದ್ದು ನಿಂತೆ. ಸಿಸ್ಟರ್ ನನ್ನ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಕತ್ತು ಉದ್ದ ಮಾಡಿ ನೋಡಿದಳು.

ಹುಟ್ಟಿದ ಮೊದಲ ಹತ್ತು ದಿನ ಮಗು ಎದೆ ಹಿಡಿಯಲಿಲ್ಲ. ತೊಟ್ಟು ಒಡೆದು ರಕ್ತ. ನರ್ಸಿಂಗ್ ಹೋಮಿನ ಆಯಾ, ಹಾಲೇ ಇಲ್ಲ ಎಂದು ತೀರ್ಪು ಕೊಟ್ಟು ಬಾಟಲಿ ಹಿಡಿಸಿದಳು. ನಾನೂ ಬುದ್ಧಿವಂತಳಂತೆ ಅಂಗಡಿಗೆ ಹೋಗಿ ಪುಡಿ ಹಾಲಿನ ಡಬ್ಬಿ ತಂದೆ. ನನ್ನ ಮಗಳನ್ನು ನಾನು ಬೆಳೆಸಿದ್ದೇ ಡಬ್ಬಿ ಹಾಲಿನಲ್ಲಿ. ನಮ್ಮತ್ತೆ ಮೂರನೇ ದಿನವೇ, "ಇಕೀಗೆ ಹಾಲ ಇಲ್ಲ" ಎಂದು ಓಣಿಗೆಲ್ಲ ಹೇಳಿ ಬಂದಿದ್ದರು. ಹದಿನೆಂಟು ವರ್ಷ ಅದನ್ನು ನಾನು ನಂಬಿಕೊಂಡೇ ಇದ್ದೆ.

ಹನ್ನೊಂದನೇ ದಿನ ಒಂದು ದೊಡ್ಡ ಆಸ್ಪತ್ರೆಯ ವಯಸ್ಸಾದ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಮಗುವನ್ನು ತಾಯಿಯ ಕಡೆ ಪೂರ್ತಿ ತಿರುಗಿಸಿದರು, ಬಾಯಿ ಅಗಲವಾಗಿ ತೆರೆಯುವವರೆಗೆ ಕಾದರು, ಎದೆಗೆ ಒತ್ತಿದರು. ಮಗು ಗುಟುಕರಿಸುವ ಶಬ್ದ ನನಗೆ ಕೇಳಿಸಿತು. ಹೊರಗೆ ಬಂದ ಮೇಲೆ ಆಕೆ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಆಕೆಗೆ ಸಿಟ್ಟು ಬಂದಿತ್ತು.

"ಹದಿನೈದು ನಿಮಿಷದ ಕೆಲಸ ಅಕ್ಕಾ. ಹತ್ತು ದಿನ ಅಳ್ತಾ ಕೂತಿದ್ದೆ. ಆ ನರ್ಸಿಂಗ್ ಹೋಮಲ್ಲಿ ಒಬ್ಬರಿಗಾದರೂ ಇದು ಗೊತ್ತಿಲ್ವಾ?"

ಮನೆಗೆ ಬಂದ ಮೇಲೆ ನನ್ನ ಕಥೆ ಕೇಳಿ, "ನಿಮಗೆ ಹಾಲಿರಲಿಲ್ಲ ಅಂತಲ್ಲ. ನಿಮಗೆ ಯಾರೂ ಹೇಳಿಕೊಡಲಿಲ್ಲ," ಎಂದಳು. ಇಷ್ಟು ವರ್ಷದಲ್ಲಿ ನನಗೆ ಯಾರೂ ಹೇಳದ ಮಾತು. ಒಲೆಯ ಮೇಲೆ ಅನ್ನ ಸೀದದ್ದೂ ಗೊತ್ತಾಗಲಿಲ್ಲ.

ಆಕೆ ಸಿಹಿಮಾತಿನವಳಲ್ಲ, ಇದನ್ನೂ ಹೇಳಬೇಕು. ಸತ್ತ ಮೇಲೆ ಎಲ್ಲರೂ ದೇವತೆಯಾಗುತ್ತಾರೆ, ಆಕೆ ಆಗಬಾರದು. ಬೇಗ ರೇಗುತ್ತಿದ್ದಳು, ಕ್ಷಮೆ ಕೇಳಲು ಬರುತ್ತಿರಲಿಲ್ಲ. ನಾನು ಮಗುವಿಗೆ ಜೇನು ನೆಕ್ಕಿಸಲು ಹೋದಾಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಮೂರು ತಿಂಗಳಿಗೂ ಕಡಿಮೆ ರಜೆ. ಮುಗಿದ ಮೇಲೆ ಮಗು ಹಗಲು ನನ್ನ ಹತ್ತಿರ, ಆಕೆ ಆಫೀಸಿನಲ್ಲಿ. ಅಲ್ಲಿ ಹಾಲು ಹಿಂಡಿಕೊಳ್ಳಲು ಜಾಗವಿಲ್ಲ. ಮೊದಲು ಲೇಡೀಸ್ ಟಾಯ್ಲೆಟ್ಟು, ಆಮೇಲೆ ಯುಪಿಎಸ್ ಬ್ಯಾಟರಿಗಳನ್ನಿಟ್ಟ ಕೋಣೆ. ಬಾಟಲಿಯನ್ನು ಸ್ಟೀಲ್ ಡಬ್ಬಿಯೊಳಗೆ ಮುಚ್ಚಿ ಆಫೀಸಿನ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಒಂದು ದಿನ ಡಬ್ಬಿ ಖಾಲಿಯಾಗಿ ಸಿಂಕಿನಲ್ಲಿ ಬಿದ್ದಿತ್ತು. ಸಂಜೆ ಎಲ್ಲರಿಗೂ ಒಂದು ಮೇಲ್ ಬಂತು: ಫ್ರಿಜ್ಜು ಆಹಾರ ಪದಾರ್ಥಗಳಿಗೆ ಮಾತ್ರ. ಅದನ್ನು ನನಗೆ ಓದಿ ಹೇಳಿ, "ಅಕ್ಕಾ, ಇದು ಆಹಾರ ಅಲ್ಲದೆ ಇನ್ನೇನು? ಪೆಟ್ರೋಲಾ?" ಎಂದಳು. ನಕ್ಕಳು. ಆ ನಗು ನನಗೆ ಇಷ್ಟವಾಗಲಿಲ್ಲ. ಆಫೀಸಿನಲ್ಲಿ ಆ ದಿನ ಒಬ್ಬ ಹೆಂಗಸೂ ಆಕೆಯ ಪರವಾಗಿ ಮಾತಾಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಆಕೆ ಬಜಾರಿಗೆ ಹೋಗಿ ಮೀನಿನವನ ಮುಂದೆ ನಿಂತಳು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವಳು. ದೊಡ್ಡ ಬಾಯಿಯ ಥರ್ಮಾಸ್ ಮುಂದಿಟ್ಟು ಐಸ್ ಕೇಳಿದಳು.

"ಮಾಛ್ ನಾ ದಿದಿ? ಶುಧು ಬೊರೊಫ್?" ಮೀನು ಬೇಡವೇ, ಬರೀ ಐಸೇ ಎಂದು ಅವನಿಗೆ ಆಶ್ಚರ್ಯ.

ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆ ಐಸಿನೊಳಗೆ ಇಟ್ಟುಕೊಂಡು ಬರುತ್ತಿದ್ದಳು. ನಾನು ಮೂಗು ಮುಚ್ಚಿಕೊಂಡು, "ಥೂ, ಮೀನದ ವಾಸನಿ," ಎಂದರೆ, "ನನ್ನ ಮಗಳು ಬಂಗಾಳದಲ್ಲಿ ಹುಟ್ಟಿದ್ದಾಳೆ ಅಕ್ಕಾ, ಅಭ್ಯಾಸ ಆಗ್ಲಿ," ಎನ್ನುತ್ತಿದ್ದಳು. ಐಸ್ ಯಾಕೆ ಎಂದು ಮೀನಿನವನು ಒಂದು ವಾರ ತಡೆದು ಕೇಳಿದ. ಹೇಳಿದಳು. ಅವನು ಮೀನಿನ ಹುರುಪೆ ತೆಗೆಯುತ್ತಲೇ, ತನ್ನ ಸೊಸೆ ಹೆತ್ತು ಇಪ್ಪತ್ತು ದಿನವಾಯಿತು, ಮಗು ಸೊರಗುತ್ತಿದೆ ಎಂದ. ಆಕೆ ನೋಡಿದ ಮೊದಲ ಬಾಣಂತಿ ಆ ಸೊಸೆ. ಆವತ್ತು ಆಫೀಸಿನ ಕ್ಯಾಬ್ ತಪ್ಪಿತು.

ಆ ನಂತರ ಆಕೆಗೆ ಅದೊಂದು ಹಟವಾಯಿತು. ಆ ವಯಸ್ಸಾದ ಡಾಕ್ಟರ ಹತ್ತಿರವೇ ತರಬೇತಿಗೆ ಸೇರಿದಳು. ಶನಿವಾರ ಭಾನುವಾರ ಆಸ್ಪತ್ರೆಯ ವಾರ್ಡಿನಲ್ಲಿ ನಿಲ್ಲಬೇಕು, ಬರೆದಿಡಬೇಕು, ಪರೀಕ್ಷೆ ಕೊಡಬೇಕು. ವರ್ಷದ ರಜೆಗಳೆಲ್ಲ ಅದಕ್ಕೇ ಹೋದವು. ಹಾಲುಣಿಸುವ ಸಲಹೆಗಾರ್ತಿ ಎಂದು ಸರ್ಟಿಫಿಕೇಟ್ ಬಂದ ದಿನ ಅದನ್ನು ನನ್ನ ಅಡಿಗೆಮನೆಗೆ ತಂದು ತೋರಿಸಿದಳು. ಆಕೆಗೆ ತೋರಿಸಲು ಬೇರೆ ಮನೆ ಇರಲಿಲ್ಲ.

ಆಕೆಯ ಕ್ರಮವೇ ಬೇರೆ. ಬಾಣಂತಿಯ ಮನೆಗೆ ಹೋದರೆ ಮೊದಲು ಬಾಣಂತಿಯ ಕೋಣೆಗೆ ಕಾಲಿಡುತ್ತಿರಲಿಲ್ಲ. ನೇರ ಅಡಿಗೆಮನೆಗೆ ಹೋಗಿ ಅತ್ತೆಯ ಹತ್ತಿರ ಮೋಡಾ ಎಂಬ ಬೆತ್ತದ ಪೀಠದ ಮೇಲೆ ಕೂರುತ್ತಿದ್ದಳು. "ಮಾಸಿಮಾ, ನೀವು ನಿಮ್ಮ ಮಕ್ಕಳಿಗೆ ಹೇಗೆ ಹಾಲು ಕುಡಿಸಿದಿರಿ?" ಎಂದು ತನ್ನ ಹರಕು ಬಂಗಾಳಿಯಲ್ಲಿ ಕೇಳಿ ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಆ ಮುದುಕಿಯರಲ್ಲಿ ಹಲವರು ಅಳುತ್ತಿದ್ದರು. ಅವರನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಮೇಲೆ ಅವರೇ ಆಕೆಯ ಕೈ ಹಿಡಿದು ಸೊಸೆಯ ಹತ್ತಿರ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಅಷ್ಟು ಬೇಗ ರೇಗುವ ಹೆಂಗಸು ಅಲ್ಲಿ ಅಷ್ಟು ತಾಳ್ಮೆ ಎಲ್ಲಿಂದ ತರುತ್ತಿದ್ದಳೋ.

ಹೇಳಿಕೊಡಲು ಬಟ್ಟೆಯ ಮೊಲೆ ಒಂದು ಬೇಕಾಗಿತ್ತು. ನನ್ನ ಹಳೆ ಕುಪ್ಪಸದ ಅಸ್ತರಿನಲ್ಲಿ ಹತ್ತಿ ತುಂಬಿ ನಾನೇ ಹೊಲಿದೆ. ನಮ್ಮ ಯಜಮಾನರು ಅದನ್ನು ಹೊಲಿಗೆ ಯಂತ್ರದ ಮೇಲೆ ನೋಡಿ, "ಸೂಜಿ ಚುಚ್ಚಿಡೋ ದಿಂಬು ಭಾಳ ಚಂದ ಮಾಡೀದಿ," ಎಂದರು. ನಾವಿಬ್ಬರೂ ನಕ್ಕು ನಕ್ಕು ಸಾಕಾದೆವು. ಅವರಿಗೆ ಇವತ್ತಿಗೂ ಯಾಕೆಂದು ಹೇಳಿಲ್ಲ. ಹಾಲು ಕಟ್ಟಿಕೊಂಡರೆ ಗಂಟು ಹೇಗಿರುತ್ತದೆ ಎಂದು ತಾಯಂದಿರ ಬೆರಳಿಗೆ ಗೊತ್ತಾಗಲಿ ಎಂದು ಅದರೊಳಗೆ ನೂಲಿನ ಉಂಡೆಯೊಂದನ್ನು ಸೇರಿಸಲು ಹೇಳಿದಳು. ಅದು ಮುಟ್ಟಿದರೆ ಜರುಗಬೇಕು, ಅಂಟಿಕೊಂಡಿರಬಾರದು. ನಾನು ಮೂರು ಸಲ ಬಿಚ್ಚಿ ಹೊಲಿದೆ.

"ಇಂಥ ಗಂಟಾದರೆ ಬಿಸಿ ಬಟ್ಟೆ ಇಡಿ, ಆ ಕಡೆಯಿಂದಲೇ ಹಾಲು ಕುಡಿಸಿ, ಮೆಲ್ಲಗೆ ನೀವಿ. ಎರಡು ವಾರಕ್ಕೂ ಕರಗದಿದ್ದರೆ ಡಾಕ್ಟರಿಗೆ ತೋರಿಸಿ." ಈ ಮಾತನ್ನು ಆಕೆ ಮನೆ ಮನೆಯಲ್ಲಿ ಹೇಳಿದ್ದನ್ನು ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು.

ಬೀದಿಯವರು ದೂಧ್ ದಿದಿ ಎಂದು ಹೆಸರಿಟ್ಟರು. ಹಾಲಿನ ಅಕ್ಕ. ಕ್ಲಬ್ಬಿನ ಜಗಲಿಯ ಮೇಲೆ ಕೂತ ಗಂಡಸರು ಅದೇ ಹೆಸರನ್ನು ಬೇರೆ ರಾಗದಲ್ಲಿ ಎಳೆಯುತ್ತಿದ್ದರು. ಒಂದು ದಿನ ಆಕೆ ನಿಂತು, ಅದರಲ್ಲಿ ದೊಡ್ಡವನನ್ನು ನೋಡಿ, "ತುಮಿ ಕೀ ಖೇಯೇ ಬೊಡೊ ಹೊಯೇಛೋ? ಮಾ-ಕೇ ಜಿಗ್ಗೇಶ್ ಕೊರೊ," ಎಂದಳು. ನೀನು ಏನು ಕುಡಿದು ಬೆಳೆದೆ, ಅಮ್ಮನನ್ನು ಕೇಳು. ಅವನ ಅಮ್ಮ ಎದುರಿನ ಮಹಡಿಯಿಂದ ಬಟ್ಟೆ ಒಣಹಾಕುತ್ತಾ ಕೇಳಿಸಿಕೊಂಡಳು. ಅಲ್ಲಿಗೆ ಆ ರಾಗ ನಿಂತಿತು.

2006ರ ದುರ್ಗಾಪೂಜೆಯ ವಾರ ಆಕೆ ನನ್ನನ್ನು ಮೇಲೆ ಕರೆದಳು. ಮಗಳು ಆಗಲೂ ದಿನಕ್ಕೊಂದೆರಡು ಸಲ ಹಾಲು ಕುಡಿಯುತ್ತಿದ್ದಳು.

"ನೋಡಿ ಅಕ್ಕಾ, ನೀವು ಹೊಲಿದ ಗಂಟಿನ ಥರಾನೇ ಇದೆ. ಹಾಲು ಕಟ್ಕೊಂಡಿದೆ," ಎಂದು ನಗುತ್ತಾ ನನ್ನ ಕೈಯನ್ನು ಬಲ ಎದೆಯ ಮೇಲೆ ಇಟ್ಟುಕೊಂಡಳು.

ನಾನು ಮುಟ್ಟಿದೆ. ನಾನು ಹೊಲಿದ ಗಂಟು ಬೆರಳಿನಡಿ ಜರುಗುತ್ತಿತ್ತು. ಇದು ಜರುಗಲಿಲ್ಲ. ಕಲ್ಲು ನೆಲಕ್ಕೆ ಹೂತ ಹಾಗೆ ಇತ್ತು. ನನ್ನ ಕೈಗೆ ಆ ಕ್ಷಣವೇ ಗೊತ್ತಾಯಿತು.

"ಬಿಸಿ ಬಟ್ಟೆ ಇಡಲೇನು?" ಎಂದೆ. ಅಷ್ಟೇ ಹೇಳಿದೆ.

ಯಾಕೆ ಹೇಳಲಿಲ್ಲ ಎಂದು ಸಾವಿರ ಸಲ ಕೇಳಿಕೊಂಡಿದ್ದೇನೆ. ಎಸ್‌ಎಸ್‌ಎಲ್‌ಸಿ ಓದಿದ ನಾನು, ಪರೀಕ್ಷೆ ಪಾಸು ಮಾಡಿ ಊರಿಗೆಲ್ಲ ಹೇಳಿಕೊಡುವವಳಿಗೆ ಏನು ಹೇಳುವುದು ಅನಿಸಿತು. ಆಕೆಗಿಂತ ನನಗೆ ಹೆಚ್ಚು ಗೊತ್ತೇ? ದೊಡ್ಡ ಕಾರಣವೇನೂ ಇಲ್ಲ, ಇಷ್ಟೇ. ಎರಡು ವಾರ ಕಳೆಯಿತು, ಎರಡು ತಿಂಗಳು ಕಳೆಯಿತು. ಬಿಸಿ ನೀರು ಕಾಯಿಸಿ ಬಟ್ಟೆ ಹಿಂಡಿ ಕೊಡುತ್ತಲೇ ಇದ್ದೆ. ಡಿಸೆಂಬರಿನಲ್ಲಿ ಒಮ್ಮೆ ಮಾತ್ರ, "ತೋರಿಸಿಕೊಂಡರ ಹ್ಯಾಂಗ?" ಎಂದೆ.

"ಪ್ರಾಜೆಕ್ಟ್ ಮುಗೀಲಿ, ರಜಾ ಒಂದೂ ಉಳಿದಿಲ್ಲ," ಎಂದಳು. ಆಮೇಲೆ ನಿಜವಾದ ಕಾರಣ ಹೇಳಿದಳು: "ಡಾಕ್ಟರ್ ಹತ್ರ ಹೋದರೆ ಮೊದಲು ಹೇಳೋದೇ ಹಾಲು ಬಿಡಿಸಿ ಅಂತ. ಅಷ್ಟಕ್ಕೆಲ್ಲ ಬಿಡಿಸಬೇಡಿ ಅಂತ ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೀನಿ. ಈಗ ನಾನೇ ಬಿಡಿಸಿದರೆ ಅವರೆಲ್ಲ ಏನಂತಾರೆ?"

ತನ್ನ ಮಾತು ಉಳಿಯಬೇಕು ಎಂದು ಕಾದಳು. ಬೇರೆ ಯಾವ ಹೆಂಗಸಾಗಿದ್ದರೂ ಹೆದರಿ ಓಡುತ್ತಿದ್ದಳು. ಗೊತ್ತಿದ್ದದ್ದೇ ಆಕೆಗೆ ಮುಳುವಾಯಿತು.

ಕೊನೆಗೆ ಒಂದೇ ದಿನದಲ್ಲಿ ಹಾಲು ಬಿಡಿಸಬೇಕಾಯಿತು. ಕ್ಯಾನ್ಸರಿನ ಔಷಧಿ ಶುರುವಾಗುವುದಿತ್ತು. ಒಂದೇ ಸಲಕ್ಕೆ ಬಿಡಿಸಬೇಡಿ, ಮಗುವಿಗೂ ತಾಯಿಗೂ ಕಷ್ಟ ಎಂದು ತಾನೇ ಹೇಳಿಕೊಟ್ಟವಳು. ಮಗಳನ್ನು ಕೆಳಗೆ ನನ್ನ ಮನೆಯಲ್ಲಿ ಬಿಟ್ಟು ಬಾಗಿಲು ಹಾಕಿಕೊಂಡಳು. ಮಗು ಮೂರು ದಿನ ನಮ್ಮ ಮೆಟ್ಟಿಲ ಮೇಲೆ ಕೂತು ಮೇಲೆ ನೋಡುತ್ತಾ ಅತ್ತಿತು. ನಾಲ್ಕನೇ ದಿನ ಬಿಸ್ಕತ್ತು ಕೇಳಿತು. ಅದನ್ನು ಹೋಗಿ ಹೇಳಿದಾಗ ಆಕೆ ಗೋಡೆಯ ಕಡೆ ತಿರುಗಿದಳು.

ಆಸ್ಪತ್ರೆಯಲ್ಲಿ ಮತ್ತೆ ನಾನೇ ಪೇಶೆಂಟ್ ಪಾರ್ಟಿ. ಒಂದು ದಿನ ಡಾಕ್ಟರನ್ನು ಹಿಂದಿಯಲ್ಲಿ ಕೇಳಿದೆ, ಹಾಲು ಕುಡಿಸಿದ್ದರಿಂದ ಹೀಗಾಯಿತೇ ಎಂದು. "ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ತಡ ಮಾಡಿ ತಂದಿರಿ," ಎಂದರು. ನೀವು ಎಂದಾಗ ಅವರು ನೋಡಿದ್ದು ನನ್ನನ್ನು.

ಆಕೆ ನೋಡಿದ ಬಾಣಂತಿಯರು ಎಷ್ಟು ಜನ ಎಂದು ನಾನು ಎಣಿಸಿಲ್ಲ. ಕಾಯಿಲೆಯ ಆ ಒಂದೂವರೆ ವರ್ಷದಲ್ಲಿ ಮೆಟ್ಟಿಲು ಹತ್ತಿ ಬಂದವರು ಮಾತ್ರ ನನಗೆ ನೆನಪಿದ್ದಾರೆ: ಮೂರು ಜನ. ಉಳಿದವರಿಗೆ ಮಕ್ಕಳನ್ನು ಕರೆದುಕೊಂಡು ಆ ಮನೆಗೆ ಬರಲು ಹೆದರಿಕೆ.

ಕೂದಲು ಉದುರಿದ ಮೇಲೆ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಾ ನಾನು ಹೇಳಿಬಿಟ್ಟೆ: "ಅವತ್ತು ನನ್ನ ಕೈಗೆ ಗೊತ್ತಾಗಿತ್ತು ತಂಗಿ. ಅದು ಜರಗಲಿಲ್ಲ."

ಆಕೆ ಚಮಚ ಕೆಳಗಿಡಲು ಸನ್ನೆ ಮಾಡಿದಳು. ಬೀದಿಯಲ್ಲಿ ಚಾಕು ಸಾಣೆ ಹಿಡಿಯುವವನು ಕೂಗುತ್ತಾ ಹೋದ.

"ನನಗೂ ಗೊತ್ತಾಗಿತ್ತು ಅಕ್ಕಾ," ಎಂದಳು. ನನಗೆ ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ, "ಆದರೂ ನೀವು ಹೇಳಬೇಕಿತ್ತು," ಎಂದಳು.

ಅದಾದ ಮೇಲೂ ನನ್ನ ಕೈಯಿಂದಲೇ ಗಂಜಿ ಕುಡಿದಳು. ನನ್ನ ಮೇಲೆ ರೇಗಿದಳು, ಉಪ್ಪು ಹೆಚ್ಚು ಎಂದಳು, ಮಗಳ ತಲೆ ಸರಿಯಾಗಿ ಬಾಚಿಲ್ಲ ಎಂದಳು. ಆ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಾಗಿಯೂ ಇರಲಿಲ್ಲ.

ಆಕೆ ಹೋದ ಮೇಲೆ ಮೈಸೂರಿನಿಂದ ಆಕೆಯ ಅಣ್ಣ, ಅತ್ತಿಗೆ ಬಂದರು. ಮನೆ ತುಂಬ ಬೀದಿಯ ಹೆಂಗಸರು ಕೂತಿದ್ದರು. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಾ, "ಮೂರು ವರ್ಷ ಹಾಲು ಕುಡಿಸ್ಕೊಂಡು ಕೂತರೆ ಇನ್ನೇನಾಗುತ್ತೆ? ಬೇಡ ಅಂತ ಬಡ್ಕೊಂಡೆ," ಎಂದಳು. ಏನೆಂದು ಯಾರೋ ಹಿಂದಿಯಲ್ಲಿ ಕೇಳಿದರು, ಅತ್ತಿಗೆ ಹಿಂದಿಯಲ್ಲೂ ಹೇಳಿದಳು. ಸಂಜೆಯೊಳಗೆ ಅದು ಬಂಗಾಳಿಯಾಗಿ ಬಜಾರು ಮುಟ್ಟಿತು. ನಾನು ಅಲ್ಲೇ ಗೋಡೆಗೆ ಒರಗಿ ಕೂತಿದ್ದೆ. ಹೆಣ ಇರುವ ಮನೆಯಲ್ಲಿ ಜಗಳವೇಕೆ ಎಂದು ಅವತ್ತೂ ಬಾಯಿ ಬಿಡಲಿಲ್ಲ. ಎರಡನೇ ಸಲ.

ಮಗಳನ್ನು ಅವರು ಕರೆದುಕೊಂಡು ಹೋದರು. ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅದನ್ನು ಇಲ್ಲವೆನ್ನಲಾರೆ. ಮೊದಮೊದಲು ಫೋನಿನಲ್ಲಿ ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಈಗ ಆಂಟಿ ಎನ್ನುತ್ತಾಳೆ.

ಕಳೆದ ಚಳಿಗಾಲದಲ್ಲಿ ನಮ್ಮ ಎದುರು ಮನೆಯ ಸೊಸೆ ಹೆತ್ತಳು. ಹನ್ನೆರಡು ದಿನದ ಮಗು, ಹಗಲೆಲ್ಲ ಕಿರುಚಾಟ. ತಡೆಯದೆ ನಾನೇ ಹೋದೆ. ಆಯಾ ಬಾಟಲಿಗೆ ಪುಡಿ ಹಾಲು ಕಲಸುತ್ತಿದ್ದಳು. ನಾನು ಅತ್ತೆಯ ಹತ್ತಿರ ಕೂತು, ನೀವು ಹೇಗೆ ಹಾಲು ಕುಡಿಸಿದಿರಿ ಎಂದು ಕೇಳಿದೆ. ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿ, ಎಲ್ಲರೂ ಕುಡಿಸುವ ಹಾಗೆ ಎಂದು ಹೇಳಿ ಟೀ ಇಡಲು ಎದ್ದಳು. ಸೊಸೆಗೆ ಹೇಳಿದೆ, ಮಗುವನ್ನು ಪೂರ್ತಿ ನಿನ್ನ ಕಡೆ ತಿರುಗಿಸು, ಹಾಲು ಬರುತ್ತದೆ, ದೂಧ್ ದಿದಿ ಹೀಗೆ ಹೇಳಿಕೊಡುತ್ತಿದ್ದಳು ಎಂದು.

ಹುಡುಗಿ ಒಳ್ಳೆಯವಳು. ಮೆಲ್ಲಗೇ ಹೇಳಿದಳು: "ಓ ದಿದಿ ನಿಜೇಯಿ ತೋ ಬಾಂಚ್ಲೋ ನಾ, ಕಾಕಿಮಾ." ಆ ಅಕ್ಕನೇ ಬದುಕಲಿಲ್ಲವಲ್ಲ, ಚಿಕ್ಕಮ್ಮ.

ಈ ಸಲ ನಾನು ಬಾಯಿ ಬಿಟ್ಟೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಕುಡಿಸಿದ್ದರಿಂದ ಅಲ್ಲ, ತಡ ಮಾಡಿದ್ದರಿಂದ ಎಂದೆ. ತಡ ಮಾಡಿದವರಲ್ಲಿ ನಾನೂ ಒಬ್ಬಳು ಎಂದೂ ಹೇಳಿದೆ. ಹಿಂದಿ, ಬಂಗಾಳಿ, ನಡುವೆ ಕನ್ನಡ, ಎಲ್ಲ ಕಲಸಿಹೋಯಿತು. ಅವಳು ಹೂಂ ಹೂಂ ಎಂದು ಕೇಳಿದಳು. ಮಗುವನ್ನು ಹೇಗೆ ಹಿಡಿಯಬೇಕು ಎಂದು ತೋರಿಸಲು ಕೈ ಚಾಚಿದೆ. ಆಯಾ ಬಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಟೀ ಕುಡಿದು ಎದ್ದು ಬಂದೆ.

ಆ ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ. ಆಕೆಯದಾಗಿದ್ದರೆ ನಡೆಯುತ್ತಿತ್ತು. ಆಕೆ ಇಲ್ಲ.